ಅಕ್ಕನ ಮಂಡಿಯೂ ಆಸ್ಟ್ರೇಲಿಯಾದ ಗಿಣ್ಣೂ

ವಿಮಾನ ನಿಲ್ದಾಣದಲ್ಲಿ

ಪರದೇಶದಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆಯೆಂದರೆ, ಸಮವಸ್ತ್ರ ತೊಟ್ಟ ಅಧಿಕಾರಿಯೊಬ್ಬಳು ನನ್ನ ಚಪ್ಪಲಿ ತೊಳೆದುಕೊಟ್ಟದ್ದು.

ವಿಮಾನ ಇಳಿಯುವ ಮುಂಚೆ ಒಂದು ಕಾರ್ಡು ಕೊಟ್ಟಿದ್ದರು. ಇತ್ತೀಚೆಗೆ ದನಕರು ಇರುವ ಜಾಗಕ್ಕೆ ಹೋಗಿದ್ದಿರಾ ಎಂದು ಅದರಲ್ಲಿ ಕೇಳಿತ್ತು. ನಾನು ಮಾದಿಹಳ್ಳಿಯ ಹಾಲಿನ ಡೈರಿಯ ಕಾರ್ಯದರ್ಶಿ. ದನಕರು ಇಲ್ಲದ ಜಾಗಕ್ಕೆ ಯಾವಾಗ ಹೋಗಿದ್ದಿರಿ ಎಂದು ಕೇಳಿದ್ದರೆ ಯೋಚನೆ ಮಾಡಿ ಹೇಳಬೇಕಿತ್ತು. ಹೌದು ಎಂದು ಗುರುತು ಹಾಕಿದೆ. ಮೆಲ್ಬರ್ನಿನಲ್ಲಿ ಇಳಿದ ಕೂಡಲೇ ನನ್ನನ್ನು ಬೇರೆ ಸಾಲಿಗೆ ಕಳಿಸಿದರು. ಆ ಹೆಂಗಸು ಕೈಗವಸು ಹಾಕಿಕೊಂಡು ನನ್ನ ಚಪ್ಪಲಿಯನ್ನು ತಿರುಗಿಸಿ ನೋಡಿದಳು. ಅಟ್ಟೆಯ ಸಂದಿಯಲ್ಲಿ ಮಾದಿಹಳ್ಳಿಯ ಸಗಣಿ ಒಣಗಿ ಕೂತಿತ್ತು. ಹೊರಡುವ ದಿನ ಬೆಳಿಗ್ಗೆಯೂ ಡೈರಿಗೆ ಹೋಗಿ, ಬೀಗದ ಕೈ ಒಪ್ಪಿಸಿ, ಹಾಗೇ ಅರಸೀಕೆರೆಗೆ ಬಸ್ಸು ಹತ್ತಿ ರೈಲು ಹಿಡಿದವಳು ನಾನು.

ಅವಳು ಚಪ್ಪಲಿಯನ್ನು ಒಳಗಿನ ತೊಟ್ಟಿಗೆ ಒಯ್ದು ಬ್ರಷ್ಷಿನಿಂದ ಉಜ್ಜತೊಡಗಿದಳು. ನನಗೆ ಜೀವವೇ ಹೋದಂತಾಯಿತು. ಸರ್ಕಾರಿ ಕೆಲಸದವಳ ಕೈಲಿ ಚಪ್ಪಲಿ ತೊಳೆಸುವುದು ಯಾವ ಪಾಪಕ್ಕೆ ಸಮ? "ಅಯ್ಯೋ ಕೊಡಮ್ಮ, ನಾನೇ ತೊಳ್ಕೊತೀನಿ" ಎಂದು ಕನ್ನಡದಲ್ಲೇ ಹೇಳುತ್ತಾ ಕೈಚಾಚಿದೆ. ಅವಳು ಹಿಂದಕ್ಕೆ ಸರಿದು, ಟ್ರಾಫಿಕ್ ಪೊಲೀಸಿನವರಂತೆ ಅಂಗೈ ತೋರಿಸಿ ನಿಲ್ಲಿಸಿದಳು. ಚಪ್ಪಲಿ ಹೊಸದರಂತೆ ಆಗಿ ವಾಪಸ್ಸು ಬಂತು.

ಆಮೇಲೆ ಬ್ಯಾಗು ಬಿಚ್ಚಿಸಿದಳು. ರಾಗಿಹಿಟ್ಟು, ಚಟ್ನಿಪುಡಿ ಉಳಿದವು. ಅಕ್ಕನಿಗೆಂದು ತಂದಿದ್ದ ಪೇಡದ ಡಬ್ಬಿಯನ್ನು ಮಾತ್ರ ಹಾಲಿನದು ಎಂದು ಎತ್ತಿಟ್ಟುಕೊಂಡಳು. ಇಷ್ಟು ವರ್ಷ ಊರವರ ಹಾಲನ್ನು ಮೂಸಿ, ಅಳೆದು, ಸರಿಯಿಲ್ಲ ಎಂದು ಹಿಂದಕ್ಕೆ ಕಳಿಸಿದ ನನ್ನ ಹಾಲನ್ನೂ ಹಿಂದಕ್ಕೆ ಕಳಿಸುವವರು ಒಬ್ಬರು ಸಿಕ್ಕರಲ್ಲ ಎಂದುಕೊಂಡೆ. ಕೋಪ ಬರಲಿಲ್ಲ. ಅವಳು ಕೆಲಸ ಗೊತ್ತಿರುವವಳು.

ಸುಮಾಳ ಮನೆ

ನಾನು ಹೋದದ್ದು ಊರು ನೋಡಲಿಕ್ಕಲ್ಲ. ನನ್ನ ಅಕ್ಕ ಜಯಮ್ಮ ಹಲವು ವರ್ಷಗಳಿಂದ ಮಗಳು ಸುಮಾಳ ಜೊತೆ ಅಲ್ಲಿದ್ದಾಳೆ. ಸುಮಾ ಅಲ್ಲಿನ ಒಂದು ವೃದ್ಧಾಶ್ರಮದ ಅಡುಗೆಮನೆ ನೋಡಿಕೊಳ್ಳುತ್ತಾಳೆ. ಬೆಳಕು ಹರಿಯುವ ಮುಂಚೆ ಮನೆ ಬಿಟ್ಟರೆ ಬರುವುದು ಸಂಜೆಗೆ.

ಹಿಂದಿನ ವರ್ಷ ಅಕ್ಕನ ಬಲಗಾಲಿನ ಮಂಡಿಗೆ ಹೊಸ ಕೀಲು ಹಾಕಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ಆಸ್ಪತ್ರೆಯಲ್ಲಿದ್ದಾಗಲೇ ಎಲ್ಲಿಂದಲೋ ಒಂದು ಕ್ರಿಮಿ ಗಾಯದೊಳಗೆ ಹೊಕ್ಕು ಆ ಕೀಲಿಗೇ ಅಂಟಿಕೊಂಡಿತು. ಅದನ್ನು ಕೊಲ್ಲಲು ವಾರಗಟ್ಟಲೆ ಬಲವಾದ ಆಂಟಿಬಯೋಟಿಕ್ ಕೊಟ್ಟರು. ಆ ಔಷಧಿಗೆ ಹೊಟ್ಟೆಯೊಳಗಿನ ಒಳ್ಳೆಯ ಕ್ರಿಮಿಗಳೂ ಸತ್ತವು. ಹೊಲದ ಯಜಮಾನ ಇಲ್ಲದಾಗ ಬೇಲಿ ದಾಟುವ ದನದಂತೆ ಇನ್ನೊಂದು ಕ್ರಿಮಿ ಕರುಳಿಗೆ ನುಗ್ಗಿತು. ಅದೂ ಆಸ್ಪತ್ರೆಯಲ್ಲೇ ಸಿಕ್ಕುವಂಥದ್ದು. ಅದು ಕೊಟ್ಟ ಭೇದಿಯಲ್ಲಿ ಅಕ್ಕ ಅರ್ಧಕ್ಕೆ ಇಳಿದುಹೋದಳು. ಹಾಸಿಗೆಯಲ್ಲೇ ಎಲ್ಲ. ಸುಮಾ ಫೋನಿನಲ್ಲಿ ಅಳುತ್ತಾ, "ಚಿಕ್ಕಮ್ಮ, ಅಮ್ಮ ಉಳಿಯಲ್ಲ ಅನ್ಸುತ್ತೆ" ಎಂದಿದ್ದಳು.

ಉಳಿದಳು. ಆದರೆ ಮಂಡಿಯ ಸೋಂಕು ಪೂರ್ತಿ ಹೋಗಲಿಲ್ಲ. ಈಗ ಮತ್ತೆ ಮಂಡಿ ತೆರೆದು, ತೊಳೆದು, ಹೊಸ ಕೀಲು ಹಾಕಬೇಕು. ಅದಾದ ಮೇಲೆ ಮತ್ತೆ ವಾರಗಟ್ಟಲೆ ಆಂಟಿಬಯೋಟಿಕ್. ಒಂದು ಸಲ ಬಂದವರಿಗೆ ಆ ಭೇದಿ ಮರುಕಳಿಸುವುದು ಹೆಚ್ಚಂತೆ. ಅಕ್ಕನ ವಯಸ್ಸಿಗೆ, ಅವಳಿರುವ ಸ್ಥಿತಿಗೆ ಇನ್ನೊಂದು ಸಲ ಬಂದರೆ ಕಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ನಾನು ಹೋದಾಗ ಅಕ್ಕ ಉತ್ತರದ ಕಿಟಕಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದಳು. ಆ ದೇಶದಲ್ಲಿ ಸೂರ್ಯ ಉತ್ತರದ ಕಡೆ ವಾಲಿಕೊಂಡು ಹೋಗುತ್ತಾನೆ. ಜುಲೈನಲ್ಲಿ ಚಳಿಗಾಲ. ನೀರು ಕಾಯಿಸುವ ಕೆಲಸ, ಹಂಡೆ, ಒಲೆ ಯಾವುದೂ ಇಲ್ಲ. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ನನ್ನ ಮನೆಯಿರುವ ಹಳೇಬೀಡಿನಲ್ಲಿ ಕೆರೆಯ ಏರಿಯ ಮೇಲೆ ನಡುಮಧ್ಯಾಹ್ನ ನಾಲ್ಕು ಜನ ಸಿಗುತ್ತಾರೆ. ಇಲ್ಲಿ ಹಾಡಹಗಲಲ್ಲಿ ಇಡೀ ಬೀದಿಗೆ ಒಬ್ಬಳೇ ಮುದುಕಿ, ಅದೂ ನನ್ನ ಅಕ್ಕ, ಕಿಟಕಿಯ ಒಳಗೆ.

"ಕಾಲು ಹೋದ್ರೆ ಹೋಗ್ಲಿ ಕಣೇ ಲಲಿತಾ, ಒಂದ್ ಮೂಲೇಲಿ ಕೂತ್ಕತೀನಿ" ಎಂದಳು. "ಆ ಭೇದಿ ಮಾತ್ರ ಇನ್ನೊಂದ್ ಸಲ ತಡ್ಕಳಾಕಾಗಲ್ಲ. ಮಗಳ ಕೈಲಿ ಬಟ್ಟೆ ಬದ್ಲಾಯಿಸ್ಕಳೋ ಹಂಗಾಯ್ತಲ್ಲ, ಅದ್ಕಿಂತ ಸಾವೇ ವಾಸಿ."

"ಸುಮ್ನಿರಕ್ಕ. ಈ ಸಲ ನಾನಿದೀನಿ" ಎಂದೆ. ನಾನಿದ್ದು ಏನು ಮಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಹಾಲಿಗೆ ಬೆರೆಸಿದ ನೀರನ್ನು ಹಿಡಿದಂತೆ ಕ್ರಿಮಿಯನ್ನು ಲ್ಯಾಕ್ಟೋಮೀಟರ್ ಹಾಕಿ ಹಿಡಿಯಲು ಬರುವುದಿಲ್ಲ.

ಆಸ್ಪತ್ರೆ

ಅಲ್ಲಿನ ಆಸ್ಪತ್ರೆಯಲ್ಲಿ ಕೈ ತೊಳೆಯುವುದೇ ಒಂದು ವ್ರತ. ರೋಗಿಯ ಕೋಣೆಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ನಾನು ಗೋಡೆಯ ಮೇಲಿದ್ದ ಸ್ಯಾನಿಟೈಸರ್ ಒತ್ತಿಕೊಂಡು ಒಳಗೆ ಹೊರಟರೆ ಹೆಲನ್ ಎಂಬ ನರ್ಸು ಹಿಡಿದು ನಿಲ್ಲಿಸಿದಳು. ನನ್ನ ವಯಸ್ಸಿನವಳೇ. ಈ ಕರುಳಿನ ಕ್ರಿಮಿ ಅದಕ್ಕೆಲ್ಲ ಜಗ್ಗುವುದಿಲ್ಲವಂತೆ. ಗಟ್ಟಿ ಸಿಪ್ಪೆಯ ಬೀಜದಂತೆ ಮುದುಡಿಕೊಂಡು ಮಂಚದ ಕಂಬಿ, ಬಾಗಿಲ ಹಿಡಿಯ ಮೇಲೆ ತಿಂಗಳುಗಟ್ಟಲೆ ಕಾದು ಕೂರುತ್ತದಂತೆ. ಸೋಪು ಹಾಕಿ ನೀರಿನಲ್ಲಿ ತಿಕ್ಕಿಯೇ ತೊಳೆಯಬೇಕು ಎಂದು ನನ್ನ ಬೆರಳ ಸಂದಿಯನ್ನೆಲ್ಲ ತೋರಿಸಿಕೊಟ್ಟಳು.

ನಮ್ಮಲ್ಲಿ ಭಾವನನ್ನು, ಅಕ್ಕನ ಗಂಡನನ್ನು, ಹಾಸನದ ಆಸ್ಪತ್ರೆಗೆ ಸೇರಿಸಿದ್ದಾಗ ನೋಡಲು ಹಾರನಹಳ್ಳಿಯಿಂದ ಒಂದು ಟೆಂಪೋ ಜನ ಬಂದಿದ್ದರು. ಹಾರನಹಳ್ಳಿ ನಮ್ಮ ತವರು. ಬಂದವರೆಲ್ಲ ಅದೇ ಮಂಚದ ಮೇಲೆ ಕೂತು, ಭಾವನ ಹಣೆ ಮುಟ್ಟಿ, ತಂದ ಚಿತ್ರಾನ್ನವನ್ನು ಅಲ್ಲೇ ಹಂಚಿ ತಿಂದು ಹೋದರು. ಯಾರೂ ಕೈ ತೊಳೆಯಲಿಲ್ಲ. ಯಾರೂ ಬರದೇ ಇದ್ದಿದ್ದರೆ ಭಾವ ಬೇಜಾರಿನಲ್ಲೇ ಸತ್ತಿರುತ್ತಿದ್ದ, ಅದೂ ನಿಜ. ಇಲ್ಲಿ ಅಕ್ಕನ ಪಕ್ಕದ ಕೋಣೆಯ ಮುದುಕನನ್ನು ನೋಡಲು ಭಾನುವಾರ ಒಬ್ಬಳು ಬಂದು, ಬಾಗಿಲಲ್ಲೇ ನಿಂತು ಕೈಬೀಸಿ ಹೋದಳು. ಯಾವುದು ಮೇಲು ಎಂದು ನನಗೆ ಹೇಳಲು ಬರುವುದಿಲ್ಲ.

ಆಪರೇಷನ್ ಆಯಿತು. ಮರುದಿನವೇ ಹೆಲನ್ ಒಂದು ಸಣ್ಣ ಲೋಟ ತಂದಳು. ಪ್ಲಾಸ್ಟಿಕ್ಕಿನದು, ಮುಚ್ಚಳವಿತ್ತು. ಒಳಗೆ ಹಾಲಿನ ಬಣ್ಣದ ಪಾನೀಯ. ಜೊತೆಗೆ, ಆ ಭೇದಿ ಬಾರದಂತೆ ತಡೆಯುವ ಹೊಸ ಔಷಧಿಯೊಂದರ ಮೇಲೆ ಅಧ್ಯಯನ ನಡೆಸುವ ಡಾಕ್ಟರೂ ಬಂದರು. ಬಿಳಿ ಗಡ್ಡದ, ನಿಧಾನವಾಗಿ ಮಾತಾಡುವ ಮನುಷ್ಯ. ಸುಮಾ ಅಂದು ರಜೆ ಹಾಕಿದ್ದಳು, ಅವರು ಹೇಳಿದ್ದನ್ನು ನಮಗೆ ಕನ್ನಡದಲ್ಲಿ ಹೇಳಿದಳು.

ಈ ಕ್ರಿಮಿಯ ವಿಷವನ್ನು ತೆಗೆದು, ಅದರ ಶಕ್ತಿ ಕೊಂದು, ಗಬ್ಬದ ಹಸುವಿಗೆ ಲಸಿಕೆಯಾಗಿ ಹಾಕುತ್ತಾರೆ. ಹಸುವಿನ ಮೈ ಅದಕ್ಕೆ ಎದುರುಮದ್ದು ತಯಾರಿಸುತ್ತದೆ. ಕರು ಹಾಕಿದ ಕೂಡಲೇ ಬರುವ ಹಾಲಿನಲ್ಲಿ ಆ ಮದ್ದು ತುಂಬಿರುತ್ತದೆ. ಆ ಹಾಲನ್ನು ಪುಡಿ ಮಾಡಿ, ಆಂಟಿಬಯೋಟಿಕ್ ತೆಗೆದುಕೊಳ್ಳುವ ರೋಗಿಗಳಿಗೆ ಕುಡಿಸಿದರೆ ಕರುಳಿನ ಕ್ರಿಮಿ ತಲೆಯೆತ್ತದೆ ಇರಬಹುದು. ಮನುಷ್ಯರಿಗೇ ಹಾಕುವ ಲಸಿಕೆಗೂ ಪ್ರಯತ್ನ ನಡೆಯುತ್ತಿದೆ, ಇನ್ನೂ ಕೈಗೆ ಬಂದಿಲ್ಲ. ಲಸಿಕೆ ನಮ್ಮ ಮೈಗೇ ಪಾಠ ಕಲಿಸುತ್ತದೆ. ಇದು ಹಸು ಕಲಿತ ಪಾಠವನ್ನು ಎರವಲು ತರುವುದು.

ನನಗೆ ಇದು ಥಟ್ಟನೆ ಅರ್ಥವಾಯಿತು. ಭಾವ ಹಾಸನದ ಆಸ್ಪತ್ರೆ ಸೇರಿದ್ದೇ ತೋಟದಲ್ಲಿ ಹಾವು ಕಚ್ಚಿ. ಆಗ ಹಾಕಿದ ಇಂಜೆಕ್ಷನ್ ಕುದುರೆಯ ರಕ್ತದಿಂದ ಮಾಡಿದ್ದು ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಕುದುರೆಯ ಜಾಗದಲ್ಲಿ ಹಸು, ರಕ್ತದ ಜಾಗದಲ್ಲಿ ಹಾಲು.

ಅಕ್ಕ ಸುಮಾಳ ಕಡೆ ತಿರುಗಿ, "ಕರ ಹಾಕಿದ ತಕ್ಷಣದ ಹಾಲು ಅಂದ್ರೆ ಗಿಣ್ಣು ಹಾಲಲ್ವೇನೇ?" ಎಂದಳು. "ಗಿಣ್ಣು ಕೊಡಾಕೆ ಇಷ್ಟು ದೊಡ್ಡಾಸ್ಪತ್ರೆ ಬೇಕಾಯ್ತಾ ಇವ್ರಿಗೆ?"

ಡಾಕ್ಟರು ಇನ್ನೊಂದು ಮಾತು ಸೇರಿಸಿದರು. ಅಧ್ಯಯನಕ್ಕೆ ಸೇರಿದವರಲ್ಲಿ ಅರ್ಧ ಜನಕ್ಕೆ ಮಾತ್ರ ಈ ಪುಡಿ. ಉಳಿದರ್ಧಕ್ಕೆ ಸಾದಾ ಹಾಲಿನ ಪುಡಿ. ಬಣ್ಣ, ವಾಸನೆ, ರುಚಿ ಎಲ್ಲ ಒಂದೇ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರುವುದಿಲ್ಲ, ಹೆಲನ್‌ಗೂ ಇಲ್ಲ, ತನಗೂ ಇಲ್ಲ. ಎಲ್ಲ ಮುಗಿದ ಮೇಲೆಯೇ ತೆರೆದು ನೋಡುವುದು.

ಅಕ್ಕ ಹೂಂ ಎಂದು ಸಹಿ ಹಾಕಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ದಿನಾ ಬೆಳಗಾದರೆ ಊರವರಿಗೆ ಹೇಳುವವಳು ನಾನು. ನನ್ನ ಅಕ್ಕನ ಬಾಯಿಗೆ ಹೋಗುತ್ತಿರುವುದು ಯಾವ ಹಾಲು ಎಂದು ತಿಳಿಯದೆ ಕೈಕಟ್ಟಿ ನಿಲ್ಲಬೇಕು. ಲೋಟಕ್ಕೆ ಮೂಗು ಒಡ್ಡಿದೆ. ವೆನಿಲಾ ಎಸೆನ್ಸಿನ ವಾಸನೆ ಬಿಟ್ಟು ಇನ್ನೇನೂ ಹತ್ತಲಿಲ್ಲ.

ಲೋಟದೊಳಗಿನ ಸಕ್ಕರೆ

ಕೆಲವು ದಿನ ಕಳೆದ ಮೇಲೆ ಬೆಳಿಗ್ಗೆ ಹೆಲನ್ ಗಂಭೀರ ಮುಖ ಮಾಡಿಕೊಂಡು ಬಂದಳು. ಹಿಂದೆ ಗಡ್ಡದ ಡಾಕ್ಟರು. ಸುಮಾ ಕೆಲಸಕ್ಕೆ ಹೋಗಿದ್ದಳು. ನನ್ನ ಇಂಗ್ಲಿಷ್ ಡೈರಿಯ ಮೀಟಿಂಗಿಗೆ ಸಾಲುವಷ್ಟು ಮಾತ್ರ.

ಹೆಲನ್ ಕೈಯಲ್ಲಿದ್ದ ತಟ್ಟೆಯಲ್ಲಿ ಅಕ್ಕ ಕುಡಿದು ಕೊಟ್ಟ ಲೋಟಗಳಿದ್ದವು. ಒಂದರ ಮುಚ್ಚಳ ತೆಗೆದು ತೋರಿಸಿದಳು. ತಳದಲ್ಲಿ ಬಿಳಿಯ ಹರಳು. ಇನ್ನೊಂದರಲ್ಲೂ ಹಾಗೇ. ಜಯಮ್ಮ ಔಷಧಿಯನ್ನು ಪೂರ್ತಿ ಕುಡಿಯುತ್ತಿಲ್ಲ, ಪುಡಿ ಉಳಿಸುತ್ತಿದ್ದಾರೆ ಎಂದಳು. ಇಷ್ಟವಿಲ್ಲದಿದ್ದರೆ ಹೇಳಬಹುದು, ಬಲವಂತವಿಲ್ಲ, ಅಧ್ಯಯನದಿಂದ ಕೈಬಿಡುತ್ತೇವೆ ಎಂದರು ಡಾಕ್ಟರು.

ಅಕ್ಕನಿಗೆ ಇದ್ದ ಒಂದೇ ಆಸರೆ ಅದು. ತಿರುಗಿ ನೋಡಿದರೆ ಅಕ್ಕ ಕಿಟಕಿಯ ಕಡೆ ಮುಖ ಮಾಡಿದ್ದಳು. ದಿಂಬಿನ ಕೆಳಗಿಂದ ಕಾಗದದ ಸಣ್ಣ ಪೊಟ್ಟಣಗಳು ಇಣುಕುತ್ತಿದ್ದವು. ಟೀ ಜೊತೆ ಕೊಡುವ ಸಕ್ಕರೆ ಪೊಟ್ಟಣಗಳು.

"ಅಕ್ಕ, ಲೋಟಕ್ಕೆ ಸಕ್ಕರೆ ಹಾಕಿದ್ಯಾ?"

"ಮತ್ತೆ? ಗಿಣ್ಣು ಕೊಟ್ಟ ಪಾತ್ರೆನ ಬರಿದಾಗಿ ಕಳ್ಸಕಾಗುತ್ತಾ? ಅವ್ವ ಹೇಳ್ತಿರ್ಲಿಲ್ವಾ, ಬರೀ ಪಾತ್ರೆ ಹೋದ್ರೆ ಹಸಿನ ಕೆಚ್ಚಲು ಬತ್ತುತ್ತೆ ಅಂತ. ಅಕ್ಕಿ ಕಾಳು ಇರ್ಲಿಲ್ಲ, ಸಕ್ಕರೆ ಹಾಕ್ದೆ. ತೊಳೀಲೂ ಇಲ್ಲ, ತೊಳೀಬಾರ್ದು ಅಂತಾರಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಶುಗರ್, ಡಾಕ್ಟರ್, ಓನ್ಲಿ ಶುಗರ್" ಎಂದೆ. ಅವರಿಗೆ ಅರ್ಥವಾಗಲಿಲ್ಲ. ತೋರಿಸಿಬಿಡೋಣ ಎಂದು ಹರಳಿಗೆ ಬೆರಳೊತ್ತಿ ಬಾಯಿಗೆ ಇಡಲು ಹೋದೆ. ಡೈರಿಯಲ್ಲಿ ನಾಲಗೆಯೇ ನನ್ನ ಮೊದಲ ಯಂತ್ರ. ಹೆಲನ್ "ನೋ!" ಎಂದು ಕೂಗಿದ ರಭಸಕ್ಕೆ ಹೊರಗೆ ನಡೆದು ಹೋಗುತ್ತಿದ್ದವರು ನಿಂತರು. ನನ್ನ ಮಣಿಕಟ್ಟು ಹಿಡಿದು ನಲ್ಲಿಗೆ ಎಳೆದೊಯ್ದು, ಸೋಪು ಹಾಕಿ, ಮಗುವಿಗೆ ತೊಳೆದ ಹಾಗೆ ಬೆರಳು ತೊಳೆದಳು. ಈ ದೇಶದಲ್ಲಿ ನನ್ನ ಚಪ್ಪಲಿ ತೊಳೆದದ್ದಾಯಿತು, ಈಗ ಕೈ.

ಕೊನೆಗೆ ದಿಂಬಿನ ಕೆಳಗಿನ ಪೊಟ್ಟಣಗಳನ್ನೇ ತೆಗೆದು ತೋರಿಸಿದೆ. ಫೋನಿನಲ್ಲಿ ಸುಮಾಳನ್ನು ಹಿಡಿದು ಅವಳ ಬಾಯಿಂದ ಹೇಳಿಸಿದೆ. ನಮ್ಮ ಕಡೆ ಹಸು ಕರು ಹಾಕಿದರೆ ಗಿಣ್ಣು ಹಾಲನ್ನು ಮಾರುವುದಿಲ್ಲ, ಅಕ್ಕಪಕ್ಕದ ಮನೆಗಳಿಗೆ ಹಂಚುತ್ತೇವೆ. ತೆಗೆದುಕೊಂಡವರು ಆ ಪಾತ್ರೆಯಲ್ಲಿ ಏನಾದರೂ ಹಾಕಿಯೇ ಹಿಂದಕ್ಕೆ ಕೊಡಬೇಕು. ಅದು ಹಸುವಿಗೆ ಮಾಡುವ ಹಾರೈಕೆ.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು ಫೋನನ್ನು ಸ್ಪೀಕರಿಗೆ ಹಾಕಿದರು. ಆಮೇಲೆ ಅಕ್ಕನ ಹತ್ತಿರ ಬಂದು, ಪ್ರತಿ ಸಲವೂ ಪೂರ್ತಿ ಕುಡಿದಿರಾ ಎಂದು ಕೇಳಿದರು. ಅಕ್ಕ ಲೋಟ ಎತ್ತಿ ಬಾಯಿಗೆ ಬಗ್ಗಿಸಿ, ತಳವನ್ನು ನೆಕ್ಕುವ ಹಾಗೆ ನಟಿಸಿ ತೋರಿಸಿದಳು. ಅಧ್ಯಯನದಿಂದ ಬಿಡಲಿಲ್ಲ. ಆದರೆ ಇನ್ನು ಮುಂದೆ ಲೋಟ ಬರಿದಾಗಿಯೇ ಬರಬೇಕು ಎಂದು ಹೆಲನ್ ಬೆರಳಾಡಿಸಿ ಹೇಳಿದಳು. ಅಕ್ಕನಿಗೆ ಅದು ಇಷ್ಟವಾಗಲಿಲ್ಲ.

ಹೆಲನ್‌ಳ ತವರು

ಆ ಜಗಳದಿಂದ ಹೆಲನ್‌ಗೂ ನನಗೂ ಸ್ನೇಹವಾಯಿತು. ಅವಳೂ ಹಾಲು ಕರೆಯುವ ಮನೆಯ ಮಗಳೇ. ಅವಳ ತಮ್ಮ ಪೀಟರ್ ನಡೆಸುವ ಕೊಟ್ಟಿಗೆಯಿಂದಲೂ ಈ ಪುಡಿಗೆ ಹಾಲು ಹೋಗುತ್ತದಂತೆ. ತನ್ನ ರಜೆಯ ದಿನ ಕಾರಿನಲ್ಲಿ ಕರೆದುಕೊಂಡು ಹೋದಳು.

ಆ ಸೀಮೆ ಹಸಿರು. ಎಲ್ಲಿ ನೋಡಿದರೂ ಬಟ್ಟೆ ಹಾಸಿದಂತೆ ಹುಲ್ಲು, ಅದರಲ್ಲಿ ನಮ್ಮ ಮಾದಿಹಳ್ಳಿಯಲ್ಲಿ ಹೆಚ್ಚೆಫ್ ಎನ್ನುವ ಕಪ್ಪುಬಿಳಿ ಹಸುಗಳು. ಹಗ್ಗವಿಲ್ಲ, ಮೂಗುದಾರವಿಲ್ಲ, ಹೆಸರೂ ಇಲ್ಲ. ಕಿವಿಯಲ್ಲಿ ನಂಬರಿನ ಬಿಲ್ಲೆ. ನಮ್ಮಲ್ಲಿ ಎರಡು ಹಸು ಇರುವವಳು ಗೌರಿ, ಲಕ್ಷ್ಮಿ ಎಂದು ಕರೆದು, ಬೈಯುವಾಗಲೂ ಹೆಸರು ಹಿಡಿದೇ ಬೈಯುತ್ತಾಳೆ. ಅಷ್ಟು ಹಸುವಿಗೆ ಹೆಸರಿಡಲು ಪೀಟರ್‌ಗೆ ಸಹಸ್ರನಾಮವೇ ಬೇಕಾದೀತು. ಒಳಗೆ ಬಿಡುವ ಮುಂಚೆ ಅವನು ನನ್ನ ಚಪ್ಪಲಿ ಬಿಡಿಸಿ ತನ್ನ ಹೆಂಡತಿಯ ಬೂಟು ಹಾಕಿಸಿದ. ನನಗೆ ಅಷ್ಟು ಹೊತ್ತಿಗೆ ಅಭ್ಯಾಸವಾಗಿತ್ತು.

ಗಬ್ಬದ ಹಸುಗಳಿಗೆ ಕುತ್ತಿಗೆಯ ಬಳಿ ಲಸಿಕೆ ಹಾಕುವುದನ್ನು ತೋರಿಸಿದ. ಕರು ಹಾಕಿದ ಹಸುಗಳ ಮೊದಲ ಹಾಲಿಗೆ ಬೇರೆಯೇ ಕ್ಯಾನು. ಆ ಕ್ಯಾನು ನೋಡುತ್ತಾ ನಿಂತೆ. ನಮ್ಮ ಡೈರಿಯಲ್ಲಿ ಕರು ಹಾಕಿದ ಹೊಸದರಲ್ಲಿ ಹಾಲು ತೆಗೆದುಕೊಳ್ಳುವುದಿಲ್ಲ. ಅದು ಬೆರೆತರೆ ಕಾಯಿಸುವಾಗ ಇಡೀ ಕ್ಯಾನು ಒಡೆಯುತ್ತದೆ. ಕದ್ದು ಬೆರೆಸಿ ತರುವವರನ್ನು ಹಿಡಿಯಲು ನಾನು ಗಾಜಿನ ನಳಿಗೆಯಲ್ಲಿ ಒಂದಿಷ್ಟು ಹಾಲು ಹಾಕಿ ಕುದಿಯುವ ನೀರಿನಲ್ಲಿಡುತ್ತೇನೆ. ಗಿಣ್ಣು ಹಾಲಾದರೆ ಗಟ್ಟಿಯಾಗಿ ನಿಲ್ಲುತ್ತದೆ, ಸಾದಾ ಹಾಲಾದರೆ ಹರಿಯುತ್ತದೆ. ನಾನು ಹಿಂದಕ್ಕೆ ಕಳಿಸುವ ಹಾಲಿಗೇ ಇಲ್ಲಿ ಬಂಗಾರದ ಬೆಲೆ.

"ಕರುವಿಗೆ?" ಎಂದು ಕೇಳಿದೆ. ನಾನು ಆಸ್ಪತ್ರೆಯಿಂದ ಹೊರಡುವಾಗ ಅಕ್ಕ, ಅದೊಂದನ್ನು ಮರೆಯದೆ ಕೇಳಿಕೊಂಡು ಬಾ ಎಂದಿದ್ದಳು. ಪೀಟರ್ ನನ್ನನ್ನು ಹುಲ್ಲು ಹಾಸಿದ ಒಂದು ಕಟಕಟೆಗೆ ಕರೆದುಕೊಂಡು ಹೋದ. ಆವತ್ತೇ ಹುಟ್ಟಿದ ಕರುವೊಂದು ಹೊಟ್ಟೆ ಡುಬ್ಬು ಮಾಡಿಕೊಂಡು ಮಲಗಿತ್ತು. ಮೊದಲು ಇದಕ್ಕೆ, ಮಿಕ್ಕಿದ್ದು ನಿಮ್ಮ ಅಕ್ಕನಿಗೆ ಎಂದ. ನನಗೆ ಸಮಾಧಾನವಾಯಿತು.

ವಾಪಸ್ಸು ಬರುವಾಗ ಕಾರಿನಲ್ಲಿ ಒಂದೇ ಯೋಚನೆ. ನಳಿಗೆ ಬೇಡ, ಒಂದು ಲೋಟ ಬಿಸಿನೀರು ಸಾಕು. ಅಕ್ಕನ ಪುಡಿ ಗಿಣ್ಣೋ ಸಾದಾ ಹಾಲೋ ಎಂದು ನಾನು ಹೇಳಿಬಿಡಬಲ್ಲೆ. ಅಷ್ಟು ದೊಡ್ಡ ಡಾಕ್ಟರಿಗೂ ಗೊತ್ತಿಲ್ಲದ್ದು.

ಕುದಿಯುವ ನೀರು

ಅಕ್ಕನನ್ನು ಮನೆಗೆ ಕಳಿಸಿದರು. ಆಂಟಿಬಯೋಟಿಕ್ ಮುಂದುವರಿಯಿತು, ಪುಡಿಯ ಪೊಟ್ಟಣಗಳನ್ನೂ ಕೊಟ್ಟರು. ಖಾಲಿ ಪೊಟ್ಟಣಗಳನ್ನು ಜೋಪಾನವಾಗಿ ಹಿಂದಿರುಗಿಸಬೇಕು. ಅಕ್ಕ ವಾಕರ್ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಿದ್ದಳು. ಆಸ್ಪತ್ರೆಯ ಸಪ್ಪೆ ಸೂಪಿನಿಂದ ಬಾಯಿ ಕೆಟ್ಟಿದೆ ಎಂದು ಗೋಳಾಡಿದ್ದಕ್ಕೆ ನಾನು ಮುದ್ದೆ ಕಟ್ಟಿ, ಸೊಪ್ಪಿನ ಸಾರು ಮಾಡಿ, ಮೇಲೆ ಚಟ್ನಿಪುಡಿಯನ್ನೂ ಹಾಕಿಕೊಟ್ಟೆ. ಎರಡು ಸಲ ಬಡಿಸಿಕೊಂಡು ತಿಂದಳು.

ಮಾರನೆಯ ಬೆಳಿಗ್ಗೆ ಅವಳು ಬಚ್ಚಲಿಗೆ ಹೋದಳು. ಬಂದು ಕೂತವಳು ಮತ್ತೆ ಹೋದಳು. ಮತ್ತೆ. ನಾನು ಬಾಗಿಲ ಹೊರಗೆ ನಿಂತು ಎಣಿಸಿದೆ. ಹೆಲನ್‌ಗೆ ಫೋನು ಮಾಡಿದೆ. ಮಲ ಪರೀಕ್ಷೆಗೆ ಕಳಿಸಿ, ಸಂಜೆಯೊಳಗೆ ಗೊತ್ತಾಗುತ್ತದೆ ಎಂದಳು. ಸುಮಾ ಕೆಲಸ ಬಿಟ್ಟು ಓಡಿಬಂದು ಡಬ್ಬಿ ತೆಗೆದುಕೊಂಡು ಹೋದಳು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ಮಧ್ಯಾಹ್ನದ ಪುಡಿ ಕೊಡುವ ಹೊತ್ತಾಯಿತು. ನಾನು ಅಡುಗೆಮನೆಗೆ ಹೋಗಿ ಪಾತ್ರೆಯಲ್ಲಿ ನೀರು ಕುದಿಯಲು ಇಟ್ಟೆ. ಸಣ್ಣ ಗಾಜಿನ ಲೋಟದಲ್ಲಿ ಪುಡಿ ಕದಡಿದೆ. ಕುದಿಸಿ ನೋಡಲು ಅದರಲ್ಲಿ ಒಂದೆರಡು ಚಮಚ ಸಾಕಿತ್ತು. ಗಟ್ಟಿಯಾದರೆ ಗಿಣ್ಣು, ಅಂದರೆ ಅಕ್ಕನಿಗೆ ಕಾವಲಿದೆ, ಇದು ಬರೀ ಹೊಟ್ಟೆ ಕೆಟ್ಟದ್ದು. ಹರಿದರೆ... ಅದರಾಚೆ ಯೋಚಿಸಲಿಲ್ಲ.

ಹಿಂದೆ ವಾಕರ್ ಸದ್ದಾಯಿತು.

"ಏನ್ ಮಾಡ್ತಿದೀಯೇ?"

ಸುಳ್ಳು ಹೇಳಲು ಆಗಲಿಲ್ಲ. "ಕುದಿಸಿ ನೋಡ್ತೀನಿ ಅಕ್ಕ. ಒಂದ್ ಗಳಿಗೆ. ಗೊತ್ತಾಗೋಗುತ್ತೆ."

ಅಕ್ಕ ಒಲೆಯ ಹತ್ತಿರ ಬಂದು ನಿಂತಳು. "ಗೊತ್ತಾಗಿ?"

"ಗಿಣ್ಣಾದ್ರೆ ಧೈರ್ಯ ಬರುತ್ತಲ್ಲ."

"ಆಗ್ದಿದ್ರೆ?"

ನಾನು ಲೋಟದಲ್ಲಿ ಚಮಚ ತಿರುಗಿಸತೊಡಗಿದೆ.

"ನೀನು ಬಾಯ್ ಬಿಡ್ದಿದ್ರೂ ನಿನ್ ಮುಖ ನೋಡಿ ನಾನು ತಿಳ್ಕಂಬಿಡ್ತೀನಿ. ಚಿಕ್ಕೋಳಿದ್ದಾಗ್ಲಿಂದ ನಿನ್ ಮುಖ ನಂಗೆ ಓದಾಕೆ ಬತ್ತೈತೆ. ಆಮೇಲೆ ಭೇದಿ ಬರ್ದಿದ್ರೂ ಹೆದ್ರಿಕೇಲೇ ಹೋಗ್ಬಿಡ್ತೀನಿ." ಒಂದು ಕೈಯಲ್ಲಿ ವಾಕರ್ ಹಿಡಿದೇ ಇನ್ನೊಂದನ್ನು ಚಾಚಿ ಒಲೆ ಆರಿಸಿದಳು. "ಆ ಡಾಕ್ಟ್ರು, ಯಾರಿಗೂ ಗೊತ್ತಾಗ್ಬಾರ್ದು ಅಂದವ್ರೆ. ನಾನು ಹೂಂ ಅಂದಿದೀನಿ. ನಂಗೆ ಬರೀ ಹಾಲೇ ಬಂದಿರ್ಲಿ, ಪಕ್ಕದ ಕೋಣೆಯೋನಿಗೆ ಗಿಣ್ಣು ಹೋಗಿರುತ್ತಲ್ಲ. ಕೊಡಿಲ್ಲಿ."

ಲೋಟ ತೆಗೆದುಕೊಂಡು ನಿಂತಲ್ಲೇ ಗಟಗಟ ಕುಡಿದಳು. ನನಗೆ ಅಳು ತಡೆಯಲಿಲ್ಲ. ಅಷ್ಟು ವರ್ಷ ಹಾಲು ಅಳೆದ ನಾನು ಒಲೆಯ ಮುಂದೆ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಸಂಜೆ ಹೆಲನ್ ಫೋನು ಮಾಡಿದಳು. ಕ್ರಿಮಿ ಇಲ್ಲ. ಬೇರೆ ಏನಾದರೂ ತಿಂದಿದ್ದರಾ ಎಂದು ಕೇಳಿದಳು. ಸುಮಾ ನನ್ನ ಕಡೆ ನೋಡಿದಳು. ಮುದ್ದೆ, ಸೊಪ್ಪು, ಚಟ್ನಿಪುಡಿಯ ಪಟ್ಟಿ ಒಪ್ಪಿಸಿದೆ. ಆಚೆಯಿಂದ ಹೆಲನ್ ನಗುವುದು ಮೂವರಿಗೂ ಕೇಳಿಸಿತು. ಆ ದಿನದ ಮಟ್ಟಿಗೆ ಕ್ರಿಮಿ ನಾನೇ.

ಹೊರಡುವ ಮುಂಚೆ, ಹೊರಟ ಮೇಲೆ

ಆಂಟಿಬಯೋಟಿಕ್ ಮುಗಿಯಿತು. ಆಮೇಲೂ ಕೆಲವು ವಾರ ಜೀವ ಕೈಯಲ್ಲಿ ಹಿಡಿದುಕೊಂಡೇ ಕಾದೆವು. ಆ ಭೇದಿ ಬರಲಿಲ್ಲ. ಮಂಡಿಯ ಗಾಯವೂ ಒಣಗಿ ಕೂಡಿತು. ಪುಡಿಯಿಂದಲೇ ಅನ್ನಬಹುದಾ ಎಂದು ಸುಮಾ ಕೇಳಿದ್ದಕ್ಕೆ ಡಾಕ್ಟರು ಗಡ್ಡ ನೀವಿಕೊಂಡು, ಗೊತ್ತಿಲ್ಲ, ಬರದೇ ಇರುವವರೂ ಇರುತ್ತಾರೆ, ಎಲ್ಲರ ಲೆಕ್ಕ ಸೇರಿದ ಮೇಲೆ ಹೇಳಬೇಕು ಎಂದರು. ಗೊತ್ತಿಲ್ಲ ಎಂದು ಹೇಳುವ ಡಾಕ್ಟರನ್ನು ನಾನು ಅಲ್ಲಿಯೇ ಮೊದಲು ಕಂಡದ್ದು.

ಕೊನೆಯ ಖಾಲಿ ಪೊಟ್ಟಣಗಳನ್ನು ಕೊಡಲು ಅಕ್ಕ ತಾನೇ ಬಂದಳು, ಕೋಲು ಊರಿಕೊಂಡು. ಹೆಲನ್ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಎಲ್ಲ ಬರಿದು. ಆಗ ಅಕ್ಕ ಚೀಲದಿಂದ ಅಂಗಡಿಯ ಒಂದು ಸಕ್ಕರೆ ಪ್ಯಾಕೆಟ್ಟು ತೆಗೆದು ಮೇಜಿನ ಮೇಲಿಟ್ಟು, "ಅವಳ ತಮ್ಮನ್ ಹಸುಗೆ ಅಂತ ಹೇಳೇ" ಎಂದಳು. ಸುಮಾ ಹೇಳಿದಳು. ಹೆಲನ್ ಪ್ಯಾಕೆಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹಾಗೆ ತೆಗೆದುಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಮಾದಿಹಳ್ಳಿಗೆ ಬಂದಾಗಿದೆ. ಬಂದ ಮೊದಲ ದಿನವೇ ಚಪ್ಪಲಿಗೆ ಸಗಣಿ ಮೆತ್ತಿತು. ಡೈರಿಯಲ್ಲಿ ಕೈ ತೊಳೆಯಲು ಸೋಪು ಇಟ್ಟಿದ್ದೇನೆ. ಜನ ನಗುತ್ತಾರೆ, ತೊಳೆಯುತ್ತಾರೆ.

ಮೊನ್ನೆ ಕೆಳಗಿನ ಬೀದಿಯ ರಂಗಪ್ಪ ತಂದ ಹಾಲು ಯಾಕೋ ದಪ್ಪಗೆ ಕಂಡಿತು. ನಳಿಗೆಯಲ್ಲಿ ಹಾಕಿ ಬಿಸಿನೀರಿಗೆ ಇಟ್ಟೆ. ಗಟ್ಟಿಯಾಗಿ ನಿಂತಿತು.

"ಏನ್ರೀ ರಂಗಪ್ಪ, ಹಸು ಕರ ಹಾಕಿ ಎರಡ್ ದಿನ ಆಗಿಲ್ಲ, ಆಗ್ಲೇ ಕ್ಯಾನಿಗೆ ತಂದ್ರಾ?"

ಬೈಗುಳಕ್ಕೆ ತಯಾರಾಗಿ ತಲೆ ಬಗ್ಗಿಸಿ ನಿಂತಿದ್ದ. "ಕರಿಗೆ ಹೊಟ್ಟೆ ತುಂಬ ಕುಡ್ಸಿದೀರಾ?" ಎಂದಷ್ಟೇ ಕೇಳಿದೆ. ಅವನು ಹೌದೆಂದು ತಲೆಯಾಡಿಸಿದ. ಸಂಜೆ ಅವನ ಹೆಂಡತಿ ಆ ಹಾಲನ್ನೇ ಒಂದು ತಂಬಿಗೆಯಲ್ಲಿ ನಮ್ಮ ಡೈರಿಗೆ ತಂದುಕೊಟ್ಟಳು. ಹಳೇಬೀಡಿನ ಮನೆಗೆ ಒಯ್ದು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದೆ. ತಂಬಿಗೆಗೆ ಒಂದು ಹಿಡಿ ಸಕ್ಕರೆ ಹಾಕಿ ಮಾರನೆಯ ದಿನ ಕೊಟ್ಟೆ.

ಅಕ್ಕ ಈಗ ಬೀದಿಯ ಕೊನೆ ಮುಟ್ಟಿ ಬರುತ್ತಾಳಂತೆ, ಕೋಲಿಲ್ಲದೆ. ಆ ಪೊಟ್ಟಣಗಳಲ್ಲಿ ಇದ್ದದ್ದು ಗಿಣ್ಣೋ, ಬರೀ ಹಾಲೋ, ಇನ್ನೂ ಗೊತ್ತಿಲ್ಲ. ಡೈರಿ ಸೇರಿದ ಮೇಲೆ ಅನುಮಾನ ಬಂದ ಒಂದು ಹಾಲನ್ನೂ ನಾನು ಬಿಟ್ಟವಳಲ್ಲ. ಅದೊಂದನ್ನು ಮಾತ್ರ ಕುದಿಸಿ ನೋಡಲಿಲ್ಲ.